ಅಕ್ಕನ ಧಾರವಾಡಕ್ಕೆ ಎರಡು ದಿನ

ಬೆಂಗಳೂರಿನಲ್ಲಿ ಶುಕ್ರವಾರ ರಾತ್ರಿ ರೈಲು ಹತ್ತಿದರೆ ಶನಿವಾರ ಬೆಳಗಿನ ಚಹಾದ ಹೊತ್ತಿಗೆ ಧಾರವಾಡ. ಭಾನುವಾರ ರಾತ್ರಿ ಮತ್ತೆ ರೈಲು ಹತ್ತಿದರೆ ಸೋಮವಾರ ಶಾಲೆಯ ಗಂಟೆ ಹೊಡೆಯುವುದರೊಳಗೆ ಮನೆ. ನಡುವೆ ಸಿಗುವುದು ಎರಡು ಹಗಲು, ಒಂದು ರಾತ್ರಿ. ಬೆರಳು ಮಡಚಿ ಈ ಲೆಕ್ಕ ಹಾಕಿದವಳು ಐದನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು. “ನೋಡಜ್ಜಿ, ಒಂದು ದಿನವೂ ರಜೆ ಹಾಕೋದು ಬೇಡ, ನಾನೂ ಬರ್ತೀನಿ” ಎಂದು ತನ್ನ ಬ್ಯಾಗು ತುಂಬಿಸಿಕೊಂಡೇ ಬಿಟ್ಟಳು.

ನಾನು ಧಾರವಾಡದಲ್ಲಿ ಇದ್ದದ್ದು 1983ರಿಂದ 1997ರವರೆಗೆ. ಮೈಸೂರು ಸೀಮೆಯಿಂದ ಮದುವೆಯಾಗಿ ಹೋದವಳು, ಹದಿನಾಲ್ಕು ವರ್ಷ ಅಲ್ಲಿ ಸಂಸಾರ ಮಾಡಿದೆ. ನನ್ನ ಮಗಳು ಮೊದಲ ಹೆಜ್ಜೆ ಇಟ್ಟದ್ದು, ಮೊದಲ ಅಕ್ಷರ ತಿದ್ದಿದ್ದು ಅಲ್ಲೇ. ರೈಲು ನಿಲ್ದಾಣದ ಹತ್ತಿರದ ಮಾಳಮಡ್ಡಿಯಲ್ಲಿ ಒಂದು ಹಂಚಿನ ಮನೆಯ ಹಿಂಭಾಗದ ಎರಡು ಕೋಣೆ ನಮ್ಮ ಬಾಡಿಗೆ ಮನೆ. ಮುಂಭಾಗದಲ್ಲಿ ಮನೆಯ ಒಡತಿ, ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಅಕ್ಕ. ನನಗಿಂತ ಆರು ವರ್ಷ ದೊಡ್ಡವರು. ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಇನ್ನೊಬ್ಬ ಗೆಳತಿ. ಅವಳಿಗೆ ಆಕಾಶವಾಣಿಯಲ್ಲಿ ಕೆಲಸ. ಓಣಿಯ ಮಕ್ಕಳೆಲ್ಲ ಅವಳನ್ನು “ರೇಡಿಯೋ ಮಾವಶಿ” ಎಂದೇ ಕರೆಯುತ್ತಿದ್ದರು. ಮಾವಶಿ ಎಂದರೆ ಆ ಕಡೆ ಚಿಕ್ಕಮ್ಮ. ನಮ್ಮ ಮೂವರ ಹಿತ್ತಲಿಗೂ ಒಂದೇ ಗೋಡೆ. ಆ ಗೋಡೆಯ ಮೇಲೆ ಹಾಯ್ದು ಹೋಗದ ಬಟ್ಟಲಿಲ್ಲ, ಹೇಳದೆ ಉಳಿದ ಸುದ್ದಿಯಿಲ್ಲ.

ಊರು ಬಿಟ್ಟ ಮೇಲೂ ಎರಡು ಮೂರು ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಈ ಸಲ ಅವಸರದಲ್ಲಿ ಹೊರಡಲು ಕಾರಣ ಅಕ್ಕನ ಒಂದು ಫೋನು. “ಮನಿ ಕೊಟ್ಟೆ. ಗಣಪ್ಪನ ಹಬ್ಬ ಆದ ಮ್ಯಾಲೆ ಪುಣೇಕ ಮಗನ ಹಂತೇಕ ಹೊಂಟೇನಿ. ಅದರೊಳಗ ಒಮ್ಮೆ ಬಂದು ಹೋಗವಾ” ಎಂದಷ್ಟೇ ಹೇಳಿದರು. ಅವರು ಎಂದೂ ಫೋನಿನಲ್ಲಿ ಹೆಚ್ಚು ಮಾತಾಡಿದವರಲ್ಲ. ಫೋನು ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಕ್ಕ ಇಲ್ಲದ ಧಾರವಾಡಕ್ಕೆ ನಾನು ಯಾರ ಮನೆಗೆಂದು ಹೋಗಲಿ? ಲಾಡ್ಜಿನಲ್ಲಿ ಇಳಿದು ಪೇಢೆ ಕೊಂಡು ಬರುವವರ ಹಾಗೆಯೇ?

ಬೆಳಗಿನ ಜಾವ ಹುಬ್ಬಳ್ಳಿ ಬಂತು. ಮೊಮ್ಮಗಳನ್ನು ಎಬ್ಬಿಸಿ ಕಿಟಕಿಯ ಬಳಿ ಕೂರಿಸಿದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದು ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆಗೆ ಸೇರಿದೆ. “ಅಂದ್ರೆ ಒಂದೂವರೆ ಕಿಲೋಮೀಟರ್! ನಮ್ಮನೆಯಿಂದ ಶಾಲೆಗಿಂತ ದೂರ!” ಎಂದು ಅವಳ ನಿದ್ದೆ ಹಾರಿತು.

ಅಲ್ಲಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್. 1962ರಲ್ಲಿ ಎರಡೂ ಊರುಗಳಿಗೆ ಸೇರಿ ಒಂದೇ ನಗರಪಾಲಿಕೆಯಾಯಿತು. ಆದರೆ ಎರಡರ ಗುಣ ಬೇರೆ. ಹುಬ್ಬಳ್ಳಿ ವ್ಯಾಪಾರದ ಊರು, ಧಾರವಾಡ ಸಾಲಿ ಕಾಲೇಜಿನ ಊರು. ಈಗ ಎರಡನ್ನೂ ಜೋಡಿಸುವ ಬಸ್ಸುಗಳಿಗೆ ಪ್ರತ್ಯೇಕ ರಸ್ತೆಯೇ ಇದೆ. ಆ ಬಸ್ಸುಗಳ ಹೆಸರು “ಚಿಗರಿ”. ಚಿಗರಿ ಎಂದರೆ ಜಿಂಕೆ. ರೈಲು ಮುಂದೆ ಹೋದಂತೆ ಬಯಲು ಮುಗಿದು ನೆಲ ಏರುತ್ತದೆ, ಗಾಳಿ ತಣ್ಣಗಾಗುತ್ತದೆ. ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಕಪ್ಪು ಮಣ್ಣಿನ ಬಯಲುಸೀಮೆ, ಪಶ್ಚಿಮಕ್ಕೆ ಮಲೆನಾಡಿನ ಸೆರಗು.

ನಾವು ಇಳಿದಾಗ ಶ್ರಾವಣದ ಜಿಟಿಜಿಟಿ ಮಳೆ. ಆಟೋ ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕ ಕೊಡೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ಸೊಂಟ ಸ್ವಲ್ಪ ಬಾಗಿತ್ತು, ದನಿ ಮಾತ್ರ ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವಂಥ ಅದೇ ದನಿ.

“ಬಾರವಾ ತಂಗಿ, ಬಾ. ನೀ ಎಷ್ಟನೇತ್ತಾ?”

ಮೊಮ್ಮಗಳು ನನ್ನ ಮುಖ ನೋಡಿದಳು. “ಎಷ್ಟನೇ ಕ್ಲಾಸು ಅಂತ ಕೇಳ್ತಿದಾರೆ” ಎಂದೆ. ಒಳಗೆ ಹೋಗಿ ಐದು ನಿಮಿಷವಾಗಿರಲಿಲ್ಲ, ಅಕ್ಕ ಒಂದಾದ ಮೇಲೊಂದು ಹೇಳಿದರು: “ಲೈಟ್ ಹಚ್ಚು. ನಿಮ್ಮವ್ವಗ ಮುಟ್ಟೀವಿ ಅಂತ ಫೋನ್ ಹಚ್ಚು. ಅವಲಕ್ಕಿ ಹಚ್ಚೀನಿ, ತಿನ್ನು. ನಿನ್ನ ತಮ್ಮನ್ನ ಸಾಲಿಗೆ ಹಚ್ಚ್ಯಾರೇನ?” ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ದೀಪ, ಫೋನು, ಅವಲಕ್ಕಿ, ಶಾಲೆ, ಎಲ್ಲದಕ್ಕೂ ಒಂದೇ “ಹಚ್ಚು”! ಮೊದಲ ವರ್ಷ ನಾನೂ ಹೀಗೆಯೇ ಬೆರಗಾಗಿದ್ದೆ. ಮಕ್ಕಳೇ, ನಮ್ಮದೇ ಭಾಷೆಯನ್ನು ಇನ್ನೊಂದು ಊರಿನಲ್ಲಿ ಹೊಸದಾಗಿ ಕಲಿಯುವ ಖುಷಿಯೇ ಬೇರೆ.

ಮನೆಯೊಳಗೆ ಅರ್ಧ ಸಾಮಾನು ಆಗಲೇ ಗಂಟು ಕಟ್ಟಿತ್ತು. ಗೋಡೆಯ ಮೇಲೆ ಫೋಟೋಗಳು ಇದ್ದ ಜಾಗದಲ್ಲಿ ಬೆಳ್ಳನೆಯ ಚೌಕಗಳು. ಒಂದು ಮಾತ್ರ ಇನ್ನೂ ತೂಗುತ್ತಿತ್ತು, ಅಕ್ಕ ನಿವೃತ್ತಿಯ ದಿನ ಶಾಲೆಯವರಿಂದ ಕೇಳಿ ತಂದಿದ್ದ ಕರ್ನಾಟಕದ ದೊಡ್ಡ ನಕಾಶೆ. ಬಟ್ಟೆಯ ಮೇಲೆ ಅಂಟಿಸಿದ್ದು, ಮಡಿಕೆಗಳಲ್ಲಿ ಬಣ್ಣ ಹೋಗಿತ್ತು. ಮೊಮ್ಮಗಳು ಅದರ ಮುಂದೆ ನಿಂತದ್ದೇ ತಡ, ಅಕ್ಕನಿಗೆ ಕೈಗೊಂದು ಕಡ್ಡಿ ಬೇಕಾಯಿತು.

“ಹಂಚಿನ ಮನಿ ನೋಡೀಯಿಲ್ಲೋ? ನಡುವ ಎತ್ತರ, ಎರಡೂ ಕಡೆ ಇಳಿಜಾರು. ಮಳಿ ಬಿದ್ರ ಅರ್ಧ ನೀರು ಮುಂದಿನ ಅಂಗಳಕ್ಕ, ಅರ್ಧ ಹಿತ್ತಲಕ್ಕ. ನಮ್ಮ ಧಾರವಾಡನೂ ಹಂಗ ಅದ.”

ಕಡ್ಡಿ ನಕಾಶೆಯ ಮೇಲೆ ಓಡಿತು. ಊರಿನ ಅಂಚಿನ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರು ಹೊತ್ತು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಇಳಿಜಾರಿನ ನೀರು ಹಳ್ಳಗಳಲ್ಲಿ ಹರಿದು, ಬೆಣ್ಣೆಹಳ್ಳದ ಮೂಲಕ ಮಲಪ್ರಭೆಗೆ ಕೂಡುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಒಂದೇ ಊರಿನಲ್ಲಿ, ಒಂದೇ ಮೋಡದಿಂದ ಬಿದ್ದ ಮಳೆ ಎರಡು ಸಮುದ್ರಕ್ಕೆ!

“ಈಗ ನಿನಗ ಮನಿಪಾಠ. ಬೆಂಗಳೂರಾಗ ನಿಮ್ಮ ಮನಿ ಮ್ಯಾಲೆ ಬಿದ್ದ ಮಳಿ ಯಾವ ಸಮುದ್ರಕ್ಕ ಹೋಗತದ? ಹುಡುಕಿ ನನಗ ಫೋನ್ ಹಚ್ಚಬೇಕು.”

ಮೊಮ್ಮಗಳು ತಲೆಯಾಡಿಸಿದಳು. ಅವಳು ಶಾಲೆಯ ಮನೆಪಾಠಕ್ಕೆ ಇಷ್ಟು ಬೇಗ ಒಪ್ಪಿದ್ದನ್ನು ನಾನು ನೋಡಿಲ್ಲ.

ಮಳೆ ಸ್ವಲ್ಪ ನಿಂತ ಮೇಲೆ ಮೂವರೂ ಪೇಟೆಗೆ ಹೊರಟೆವು. ಅಕ್ಕನ ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಮೊಮ್ಮಗಳ ಕೈಯಲ್ಲಿ. ಮೊದಲು ಕರ್ನಾಟಕ ವಿದ್ಯಾವರ್ಧಕ ಸಂಘದ ಅಂಗಳ. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಕಚೇರಿಯಲ್ಲಿ, ಶಾಲೆಗಳಲ್ಲಿ ಮರಾಠಿಯದೇ ಜೋರು. ಅಂಥ ದಿನಗಳಲ್ಲಿ, 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಗೆಳೆಯರೊಡನೆ ಕನ್ನಡಕ್ಕಾಗಿ ಈ ಸಂಘ ಕಟ್ಟಿದರು. ಕರ್ನಾಟಕ ಒಂದಾಗಬೇಕೆಂಬ ಮಾತಿಗೆ ಬಲ ಬಂದದ್ದು ಇಂಥ ಅಂಗಳಗಳಲ್ಲಿ. “ಇಲ್ಲಿ ಎಷ್ಟ ಭಾಷಣ ಕೇಳೇವಿ, ಎಷ್ಟ ಸಲ ನಿದ್ದಿ ಮಾಡೇವಿ” ಎಂದು ಅಕ್ಕ ನಕ್ಕರು.

ಅಲ್ಲಿಂದ ಸುಭಾಸ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆಯ “ಅಟ್ಟ”. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ ಇದು. ಗಿರೀಶ ಕಾರ್ನಾಡರ ಮೊದಲ ನಾಟಕ “ಯಯಾತಿ” 1961ರಲ್ಲಿ ಅಚ್ಚಾಗಿ ಬಂದದ್ದು ಇಲ್ಲಿಂದಲೇ. ಬರೆಯುವವರು, ಓದುವವರು, ಸುಮ್ಮನೆ ಹರಟುವವರು ಎಲ್ಲ ಈ ಅಟ್ಟಕ್ಕೆ ಬಂದು ಕೂತವರೇ. ಅಕ್ಕ ಮೆಟ್ಟಿಲನ್ನು ನೋಡಿ, “ನೀವು ಹೋಗಿ ಬರ್ರಿ, ನಾ ಇಲ್ಲೇ ನಿಂದರತೀನಿ” ಎಂದರು. ಹಿಂದೆ ನಮ್ಮೆಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತುತ್ತಿದ್ದವರು ಅವರು. ಇಳಿದು ಬಂದಾಗ ಹಳೆಯ ವಿದ್ಯಾರ್ಥಿಯೊಬ್ಬ, ಅವನ ತಲೆಯೂ ನರೆತಿತ್ತು, ರಸ್ತೆಯಲ್ಲೇ ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. “ಎಷ್ಟ ಮಾರ್ಕ್ಸ್ ತಗೊಂಡಿದ್ದಿ ನೀ?” ಎಂದು ಅಕ್ಕ ಕೇಳಿದರು. “ಮೂವತ್ತೈದ್ರಿ” ಎಂದ. ಇಬ್ಬರೂ ನಕ್ಕರು.

ಲೈನ್ ಬಜಾರಿನಲ್ಲಿ ಪೇಢೆಗೆ ಸಾಲು ನಿಂತೆವು. ಧಾರವಾಡದ ಪೇಢೆಯ ಮೂಲ ಧಾರವಾಡದಲ್ಲಿಲ್ಲ ಎಂದರೆ ಮಕ್ಕಳಿಗೆ ಅಚ್ಚರಿಯಾಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿನ ಭಯಕ್ಕೆ ಊರು ಬಿಟ್ಟು ಬಂದ ಠಾಕೂರ್ ಮನೆತನ ಇಲ್ಲಿ ನೆಲೆ ನಿಂತು ಈ ಸಿಹಿ ಮಾಡಿತು. ಎಮ್ಮೆ ಹಾಲಿನ ಖೋವಾವನ್ನು ಸಕ್ಕರೆಯೊಡನೆ ನಿಧಾನವಾಗಿ, ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಈಗ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೊಮ್ಮಗಳು ಮೊದಲು ಅನುಮಾನದಿಂದ ನೋಡಿದಳು. “ಏನಜ್ಜಿ, ಮಣ್ಣಿನ ಉಂಡೆ ಥರ ಇದೆ!” ಒಂದು ತಿಂದಳು. ಆಮೇಲೆ ಡಬ್ಬಿ ಅವಳ ಕೈಯಲ್ಲೇ ಉಳಿಯಿತು.

ಸಂಜೆ ಸಾಧನಕೇರಿ. ಕೆರೆಯ ಎದುರು ದ.ರಾ. ಬೇಂದ್ರೆಯವರ ಮನೆ “ಶ್ರೀಮಾತಾ”, ಹತ್ತಿರದಲ್ಲೇ ಬೇಂದ್ರೆ ಭವನ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ಬೇಂದ್ರೆಯವರಿಗೆ “ನಾಕು ತಂತಿ” ಸಂಕಲನಕ್ಕಾಗಿ 1973ರ ಜ್ಞಾನಪೀಠ ಪ್ರಶಸ್ತಿ ಬಂತು. ಅವರು ಕವಿತೆಗಳಿಗೆ ಹಾಕಿಕೊಳ್ಳುತ್ತಿದ್ದ ಹೆಸರು ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ತಾಯಿಯ ಹೆಸರನ್ನು ತನ್ನ ಹೆಸರಿಗಿಂತ ಮುಂದಿಟ್ಟ ಕವಿ. ಮೊಮ್ಮಗಳು ಕೂಡಲೇ ತನ್ನ ಅಮ್ಮನ ಹೆಸರು ಸೇರಿಸಿ ತನಗೂ ಒಂದು ಹೆಸರು ಕಟ್ಟಿಕೊಂಡಳು. ಕೆರೆಯ ಮೇಲೆ ತುಂತುರು ಬೀಳುತ್ತಿತ್ತು. ಅಕ್ಕ ಬೆಂಚಿನ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ನಾನು ಏನೂ ಕೇಳಲಿಲ್ಲ.

ಕೇಳಿದ್ದು ರಾತ್ರಿ. ಮೊಮ್ಮಗಳು ಮಲಗಿದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತೆವು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಒಂದು ಮೂಲೆಯಲ್ಲಿ ಸೋರುವ ನೀರಿಗೆ ಬಕೆಟ್ ಇಟ್ಟಿತ್ತು.

“ಮಗ ಒತ್ತಾಯ ಮಾಡಿದನೇ ಅಕ್ಕಾ?” ಎಂದೆ.

“ಇಲ್ಲವಾ. ಅವ ಹತ್ತು ವರ್ಷದಿಂದ ಕರೀಲಿಕ್ಕೆ ಹತ್ಯಾನ, ನಾನ ಒಲ್ಲೆ ಅಂತಿದ್ದೆ. ಹ್ವಾದ ಮಳಿಗಾಲದಾಗ ಹಿತ್ತಲದಾಗ ಜಾರಿ ಬಿದ್ದೆ. ಎರಡು ತಾಸು ಒಬ್ಬಾಕಿನ ಬಿದ್ದಿದ್ದೆ. ಕೂಗಿದ್ರ ಕೇಳಾಕ ಮಳಿ ಸಪ್ಪಳ. ಕಡೀಕ ಹಾಲಿನ ಹುಡುಗ ಬಂದು ಎತ್ತಿದ. ಮಗಗ ಹೇಳಿಲ್ಲ. ನಿನಗ ಹೇಳಾಕತ್ತೀನಿ.”

ನನಗೆ ಮಾತು ಹೊರಡಲಿಲ್ಲ. ಆ ಹಿತ್ತಲಿನ ಗೋಡೆಯಾಚೆ ಒಂದು ಕಾಲದಲ್ಲಿ ನಾವಿದ್ದೆವು. ಪಾತ್ರೆ ಬಿದ್ದ ಸದ್ದಾದರೂ “ಏನಾತು?” ಎಂದು ಎರಡು ಮನೆಯಿಂದ ಎರಡು ದನಿ ಏಳುತ್ತಿದ್ದವು. ಈಗ ಒಂದು ಮನೆ ಬೀಗ ಹಾಕಿದೆ, ಇನ್ನೊಂದರ ಜಾಗದಲ್ಲಿ ಮೂರಂತಸ್ತಿನ ಕಟ್ಟಡ. ಅಲ್ಲಿಯ ಜನರಿಗೆ ಅಕ್ಕನ ಹೆಸರೂ ಗೊತ್ತಿಲ್ಲ, ಅದು ಅವರ ತಪ್ಪೂ ಅಲ್ಲ.

“ಆ ಎರಡು ತಾಸಿನಾಗ ವಿಚಾರ ಮಾಡಿದೆ” ಎಂದರು ಅಕ್ಕ. “ಮನಿ ನನ್ನ ನೋಡಿಕೊಳ್ಳೂದಿಲ್ಲ. ನಾನ ಮನಿ ನೋಡಿಕೋಬೇಕು. ಈಗ ಹಂಚು ಹೊದಿಸೋ ಆಳು ಸಿಗೂದಿಲ್ಲ, ನನಗ ಏಣಿ ಹತ್ತಾಕ ಬರೂದಿಲ್ಲ. ಕಾಲಾಗ ಶಕ್ತಿ ಇರೂಮಟ ನಾನ ನಡಕೊಂಡು ಹೋಗಬೇಕು, ಯಾರೋ ಹೊತಗೊಂಡು ಹೋಗಬಾರದು.”

ಮನೆ ಕೊಂಡವರು ಇದನ್ನು ಕೆಡವಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗಿಯರಿಗೆ ವಸತಿಗೃಹ ಕಟ್ಟಿಸುತ್ತಾರಂತೆ. ಈಗ ಧಾರವಾಡಕ್ಕೆ ಸುತ್ತಲ ಜಿಲ್ಲೆಗಳ ಹುಡುಗ ಹುಡುಗಿಯರು ಅದಕ್ಕಾಗಿಯೇ ಬರುತ್ತಾರೆ. “ಓದೋ ಹುಡಿಗ್ಯಾರು ಇರತಾರಲ್ಲ, ಅಷ್ಟ ಸಾಕು” ಎಂದು ಅಕ್ಕ ಎದ್ದು ಬಕೆಟ್ಟಿನ ನೀರು ಚೆಲ್ಲಿ ಬಂದರು. ಅವರ ದನಿಯಲ್ಲಿ ದುಃಖವಿರಲಿಲ್ಲ ಎಂದು ಹೇಳಲಾರೆ. ಆದರೆ ಅಳುಕು ಇರಲಿಲ್ಲ.

ಭಾನುವಾರ ಬೆಳಿಗ್ಗೆ ರೇಡಿಯೋ ಮಾವಶಿ ಬಂದಳು. ಅವಳು ಈಗ ಸಪ್ತಾಪುರದಲ್ಲಿ ಮಗಳ ಜೊತೆ ಫ್ಲಾಟಿನಲ್ಲಿದ್ದಾಳೆ. ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಮಾತು ಇನ್ನೂ ಜೋರಾಗಿದೆ. ಬಾಗಿಲಲ್ಲೇ ಶುರುವಾಯಿತು: “ಏನಬೇ, ಈಗ ನೆನಪಾತೇನ ನಮ್ಮದು?”

ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಓಣಿಯಲ್ಲಿ ಗಡಿಯಾರಕ್ಕಿಂತ ರೇಡಿಯೋ ನೋಡಿ ಕೆಲಸ ಮಾಡುವವರೇ ಹೆಚ್ಚಿದ್ದರು. ಇಂಥ ಕಾರ್ಯಕ್ರಮ ಬಂದರೆ ಮಕ್ಕಳಿಗೆ ಸ್ನಾನ, ವಾರ್ತೆ ಬಂದರೆ ಗಂಡಸರಿಗೆ ಊಟ. ಆ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದವರು ಪಂಡಿತ ಮಲ್ಲಿಕಾರ್ಜುನ ಮನಸೂರರು. ಅವರು ಹುಟ್ಟಿದ್ದು 1910ರಲ್ಲಿ, ಧಾರವಾಡದ ಸಮೀಪದ ಮನಸೂರು ಎಂಬ ಹಳ್ಳಿಯಲ್ಲಿ. 1992ರಲ್ಲಿ ಪದ್ಮವಿಭೂಷಣ ಪಡೆದು, ಅದೇ ವರ್ಷ ತೀರಿಕೊಂಡರು. ಅವರ ಮನೆ “ಮೃತ್ಯುಂಜಯ” ಈಗ ಸ್ಮಾರಕ. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳನ್ನು ಗುರುವೆಂದು ನಂಬಿದ್ದವರು ಮನೆಗೂ ಅದೇ ಹೆಸರಿಟ್ಟರು. ಇಷ್ಟು ದೊಡ್ಡ ಸಂಗೀತಗಾರರು ಇಷ್ಟು ಸರಳವಾದ ಮನೆಯಲ್ಲಿದ್ದರೇ ಎಂದು ಮೊಮ್ಮಗಳು ಪಿಸುಗುಟ್ಟಿದಳು.

ಅಲ್ಲಿಂದ ಕರ್ನಾಟಕ ಕಾಲೇಜು. ಕಲ್ಲಿನ ಆ ಭವ್ಯ ಕಟ್ಟಡ ಮೊದಲು ಕಾಲೇಜೇ ಅಲ್ಲ, ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ರೈಲ್ವೆ ಕಚೇರಿ ಮದರಾಸಿಗೆ ಹೋದ ಮೇಲೆ, 1917ರಲ್ಲಿ ಶುರುವಾದ ಕಾಲೇಜಿಗೆ ಆ ಕಟ್ಟಡ ದಕ್ಕಿತು. ರೈಲಿನ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಕವಿಗಳೂ ವಿಜ್ಞಾನಿಗಳೂ ಪಾಠ ಕೇಳಿದರು. “ನೋಡು, ಕಟ್ಟಡಕ್ಕ ಎರಡನೇ ಜನ್ಮ ಇರತದ” ಎಂದರು ಅಕ್ಕ. ಮುಂದೆ ಛೋಟಾ ಮಹಾಬಳೇಶ್ವರ ಎಂಬ ಗುಡ್ಡದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ, ಮರುವರ್ಷ ಧಾರವಾಡಕ್ಕೆ ಬಂತು. ಡಿ.ಸಿ. ಪಾವಟೆಯವರು ಕುಲಪತಿಯಾಗಿದ್ದಾಗ ಆ ಗುಡ್ಡದ ಮೇಲೆ ಅದು ಬೆಳೆದು ನಿಂತಿತು.

ಮಧ್ಯಾಹ್ನದ ಅಡುಗೆ ಮೂವರದೂ. ಅಕ್ಕ ಬಿಸಿನೀರು ಹಾಕಿ ಜೋಳದ ಹಿಟ್ಟು ನಾದಿದರು, ಮಾವಶಿ ಎಣ್ಣೆಗಾಯಿ ಬದನೆಕಾಯಿ ಮಾಡಿದಳು, ನಾನು ರೊಟ್ಟಿ ಬಡಿದೆ. ಈ ವಿದ್ಯೆಯನ್ನು ನನಗೆ ಕಲಿಸಿದವರು ಇದೇ ಅಡುಗೆಮನೆಯಲ್ಲಿ ಅಕ್ಕ. ಹಲಗೆಯ ಮೇಲೆ ಅಂಗೈ ಬೀಳುವ ಟಪ್ ಟಪ್ ಸದ್ದಿಗೆ ಮೊಮ್ಮಗಳೂ ಬಂದು ಕೂತಳು. ಅವಳ ರೊಟ್ಟಿ ಮೊದಲು ಕೊಡಗಿನ ನಕಾಶೆಯಂತಾಯಿತು, ಆಮೇಲೆ ಬೀದರಿನಂತೆ. ಭೂಗೋಳದ ಅಕ್ಕ ಎರಡಕ್ಕೂ ಪೂರ್ತಿ ಅಂಕ ಕೊಟ್ಟರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಸೌತೆಕಾಯಿ. ಊಟ ಮುಗಿಯುವಾಗ ಮೂರು ಗಂಟೆ.

ಆಗ ಮೊಮ್ಮಗಳು ಕೇಳಿಯೇ ಬಿಟ್ಟಳು. “ಮುಂದಿನ ಸಲ ನಾವು ಬಂದಾಗ ಯಾರ ಮನೆಗೆ ಬರೋದು?”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಂತರ ಮಾವಶಿ ಕಿವಿಗೆ ಕೈ ಹಿಡಿದು, “ಏನಂತದ ಕೂಸು?” ಎಂದಳು. ನಾನು ಜೋರಾಗಿ ಹೇಳಿದೆ. “ಅಯ್ಯ, ನನ್ನ ಮನಿ ಇಲ್ಲೇನ? ಎರಡನೇ ಮಾಳಗಿ, ಲಿಫ್ಟ್ ಅದ. ನಿಮ್ಮ ಅಜ್ಜಿ ಮೊಣಕಾಲಿಗೂ ಚಿಂತಿಲ್ಲ. ಆಕಿನೂ ಪುಣೆಯಿಂದ ಬರಬೇಕು. ಬರಲಿಲ್ಲಂದ್ರ ನಾನ ಹೋಗಿ ಎಳಕೊಂಡು ಬರತೀನಿ.” ಅಕ್ಕ ನಕ್ಕರು. ಆದರೆ ಎದ್ದು ಕೈ ತೊಳೆಯಲು ಹೋದವರು ಸ್ವಲ್ಪ ಹೊತ್ತು ಹಿತ್ತಲಿನಲ್ಲೇ ನಿಂತಿದ್ದರು.

ಸಂಜೆ ಕೆಲಗೇರಿ ಕೆರೆಯ ದಂಡೆಗೆ ಹೋದೆವು. ಹಿಂದೆ ಮೂವರೂ ರಜಾದಿನಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದ ಜಾಗ. ಚುರುಮುರಿ, ಮಿರ್ಚಿ ಭಜಿ ತಿಂದೆವು. ಈ ಸಲ ನಡೆದದ್ದು ಕಡಿಮೆ, ಕೂತದ್ದು ಹೆಚ್ಚು. ಓಣಿಯಲ್ಲಿ ಯಾರಿದ್ದರು, ಈಗ ಎಲ್ಲಿದ್ದಾರೆ ಎಂದು ಒಂದೊಂದೇ ಮನೆ ಎಣಿಸಿದೆವು. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿತ್ತು. ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಮಳೆಯ ರಾತ್ರಿ ಜ್ವರ ಏರಿ, ಯಜಮಾನರು ಊರಲ್ಲಿಲ್ಲದೆ, ಅಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಡಾಕ್ಟರ ಮನೆಗೆ ನಡೆದದ್ದನ್ನು ಮಾವಶಿ ಹೇಳಿದಳು. ಕೊಡೆ ಹಿಡಿದವಳು ಅವಳು. ಮೊಮ್ಮಗಳು ಕಣ್ಣರಳಿಸಿ ಕೇಳುತ್ತಿದ್ದಳು. “ಆ ಪಾಪು ನನ್ನ ಅಮ್ಮನಾ?” ಎಂದಳು. ಅವಳ ಅಮ್ಮನೂ ಒಂದು ಕಾಲದಲ್ಲಿ ಇನ್ನೊಬ್ಬರ ಸೆರಗಿನಲ್ಲಿ ಬೆಚ್ಚಗಿದ್ದ ಮಗು ಎನ್ನುವುದನ್ನು ಯಾವ ಫೋಟೋ ತೋರಿಸೀತು?

ಅದಕ್ಕೇ ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರಿಗೆ ಒಂದು ಮಾತು. ನೀವು ಬಾಳಿ ಬಿಟ್ಟ ಊರಿಗೆ ಮೊಮ್ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಗುಡಿ, ಕೆರೆ, ಅರಮನೆ ಎಲ್ಲಿಗೂ ಓಡುವುದಿಲ್ಲ, ಆಮೇಲಾದರೂ ನೋಡಬಹುದು. ನಿಮ್ಮನ್ನು ಹೆಸರು ಹಿಡಿದು “ಬಾ” ಎನ್ನುವವರು ಅಲ್ಲಿ ಇರುವಾಗಲೇ ಹೋಗಿ. ಎರಡು ದಿನ ಸಾಕು.

ಹೊರಡುವಾಗ ಅಕ್ಕ ಕಡಕ್ ರೊಟ್ಟಿಯ ಕಟ್ಟು ನನ್ನ ಚೀಲಕ್ಕೆ ಹಾಕಿದರು. ಗೋಡೆಯ ನಕಾಶೆಯನ್ನು ಇಳಿಸಿ, ಸುರುಳಿ ಸುತ್ತಿ, ದಾರ ಕಟ್ಟಿ ಮೊಮ್ಮಗಳ ಕೈಗೆ ಕೊಟ್ಟರು. “ಇದು ಪುಣೇದಾಗ ಮಡಚಿ ಇಡೋ ಸಾಮಾನಲ್ಲ. ಗ್ವಾಡಿ ಮ್ಯಾಲೆ ಇರಬೇಕು.” ಮಾಳಮಡ್ಡಿಯ ಆ ಮನೆಯಲ್ಲಿ ಈಗ ಕೊನೆಯ ಚೌಕವೂ ಬೆಳ್ಳಗೆ ಕಾಣಿಸಿತು.

ಗಣೇಶನ ಹಬ್ಬವಾದ ಹತ್ತನೆಯ ದಿನ ಅಕ್ಕ ಪುಣೆ ಸೇರಿದರು. ಮೊದಲ ವಾರ ಫೋನಿನಲ್ಲಿ ದನಿ ಬಹಳ ಸಣ್ಣಗಿತ್ತು. “ಎಲ್ಲಾ ಚಲೋ ಅದ. ಕಿಡಿಕ್ಯಾಗಿಂದ ಬರೇ ಕಟ್ಟಡ ಕಾಣಸ್ತಾವ” ಎಂದಿದ್ದರು. ನಮ್ಮ ಮನೆಯ ಗೋಡೆಯಲ್ಲಿ ನಕಾಶೆ ತೂಗುತ್ತಿತ್ತು. ಮೊಮ್ಮಗಳು ದಿನವೂ ಸ್ಟೂಲು ಹತ್ತಿ ಮನೆಪಾಠ ಮಾಡುತ್ತಿದ್ದಳು. ನಮ್ಮ ಮನೆ ಇರುವುದು ರಾಜರಾಜೇಶ್ವರಿ ನಗರದಲ್ಲಿ. ನಮ್ಮ ಮಳೆ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಮೇಕೆದಾಟಿನ ಹತ್ತಿರದ ಸಂಗಮದಲ್ಲಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ಇದನ್ನು ಕಂಡುಹಿಡಿದ ಮೇಲೆ ಅವಳು ನಿಲ್ಲಲಿಲ್ಲ. ಅಪ್ಪನಿಂದ ಭಾರತದ ನಕಾಶೆ ತರಿಸಿ ಪುಣೆಯ ನೀರನ್ನೂ ಹುಡುಕಿದಳು. ಆಮೇಲೆ ಅಕ್ಕನಿಗೆ ಅವಳೇ ಫೋನು ಹಚ್ಚಿದಳು.

“ದೊಡ್ಡಜ್ಜಿ, ನಿಮ್ಮ ಪುಣೆಯ ಮುಳಾ ಮುಠಾ ನದಿ ಭೀಮಾ ನದಿಗೆ ಹೋಗುತ್ತೆ. ಭೀಮಾ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತೆ. ಮಲಪ್ರಭೆ ಅದಕ್ಕಿಂತ ಮೊದಲೇ ಕೃಷ್ಣೆಗೆ ಸೇರಿರುತ್ತೆ. ಅಂದ್ರೆ ಧಾರವಾಡದ ಆ ಕಡೆ ನೀರು, ನಿಮ್ಮ ಈಗಿನ ಮನೆ ನೀರು ಎರಡೂ ಒಂದೇ ನದೀಲಿ ಹೋಗುತ್ತೆ!”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಿಂದಿನ ಬೆಂಚಿಗೂ ಕೇಳಿಸುವಂಥ ದನಿ ಬಂತು.

“ಶಾಬಾಸ್! ನೂರಕ್ಕ ನೂರು. ತಡಿ, ಕಡ್ಡಿ ತಗೊಂಡು ಬರತೀನಿ. ಈಗ ಆ ಕೃಷ್ಣಾ ಎಲ್ಲಿ ಹುಟ್ಟತಾಳ, ಹೇಳು ನೋಡೋಣು.”